ಐದು ತೋಟಾಗಳ ಕೋವಿ: ಅದರ ಕಥೆ, ಅದರ ಒಳಯಂತ್ರ ಮತ್ತು ಒಂದು ಎಚ್ಚರಿಕೆ

ಸದಸ್ಯ ಬಾಂಧವರು ಅಡಿಕೆ ಧಾರಣೆ ವಿಚಾರಿಸಲು ಕಚೇರಿಗೆ ಬಂದಾಗ ಮಾತು ಕಾಡುಹಂದಿಯ ಕಡೆಗೆ ತಿರುಗುವುದು ಈಚೆಗೆ ವಾಡಿಕೆಯಾಗಿಬಿಟ್ಟಿದೆ. ಮಧುಗಿರಿ, ಶಿರಾದವರಿಗೆ ಎಳೆಯ ಅಡಿಕೆ ಸಸಿಯನ್ನೂ ಬಾಳೆಯ ಬುಡವನ್ನೂ ಮಗುಚಿ ಹಾಕುವ ಹಂದಿಯ ಕಾಟ. ಕೊರಟಗೆರೆಯ ಬೆಟ್ಟದ ಸೆರಗಿನವರಿಗೆ ಹಂದಿಯ ಜೊತೆಗೆ ಕರಡಿಯ ಭಯ. ಪಾವಗಡದವರಿಗೆ ಶೇಂಗಾ ಹೊಲದಲ್ಲಿ ಹಂದಿಯೂ ಉಂಟು, ನವಿಲೂ ಉಂಟು. ಹಂದಿಯ ಮಾತು ಬಂದಮೇಲೆ ಕೋವಿಯ ಮಾತು ಬಾರದೆ ಇರುತ್ತದೆಯೇ?

ಕಳೆದ ತಿಂಗಳು ಹಿರಿಯ ಸದಸ್ಯರೊಬ್ಬರು ಒಂದು ಭಾವಚಿತ್ರ ತಂದು ಮೇಜಿನ ಮೇಲಿಟ್ಟರು. ತೀರಿಹೋದ ಬಂಧುವೊಬ್ಬರ ಮನೆಯ ಅಟ್ಟದಲ್ಲಿ ದೊರೆತ ಕೋವಿಯದು. "ಇದಕ್ಕೆ ನಳಿಗೆ ಒಂದೇ. ಮಡಿಚಲು ಬರುವುದಿಲ್ಲ. ಬೆನ್ನು ಚೌಕಾಕಾರ. ಇದು ಯಾವ ಜಾತಿ, ಇದನ್ನು ಏನು ಮಾಡುವುದು?" ಎಂಬುದು ಅವರ ಪ್ರಶ್ನೆ. ಆ ಚೌಕ ಬೆನ್ನನ್ನು ನೋಡಿದೊಡನೆ ನಮಗೆ ಗುರುತು ಹತ್ತಿತು. ಹೇಗೆ ಹತ್ತಿತೆಂಬುದನ್ನು ಮುಂದೆ ಹೇಳುತ್ತೇವೆ. ಈ ಕೋವಿಯ ವಿಷಯ ಇನ್ನೂ ಕೆಲವು ಸದಸ್ಯರಿಗೆ ಬೇಕಾಗಬಹುದೆಂದು ತೋರಿದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಕೇಪಿನ ಕೋವಿಯಿಂದ ತೋಟಾ ಕೋವಿಗೆ

ನಮ್ಮ ಕಡೆ ಕೋವಿ ಅಥವಾ ಬಂದೂಕು ಎನ್ನುವುದನ್ನು ಪಾವಗಡದ ಹಳ್ಳಿಗಳಲ್ಲಿ ತುಪಾಕಿ ಎನ್ನುತ್ತಾರೆ. ಹೆಸರು ಯಾವುದಾದರೂ ನಮ್ಮ ರೈತರು ಕಂಡದ್ದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕೇಪಿನ ಕೋವಿ. ಅದಕ್ಕೆ ನಳಿಗೆಯ ಬಾಯಿಂದ ಮದ್ದು ಸುರಿದು, ಅಡಕು ತುರುಕಿ, ಚರೆ ಹಾಕಿ ಗಜದಿಂದ ಜಡಿಯಬೇಕು. ಎರಡನೆಯದು ತೋಟಾ ಕೋವಿ. ಮದ್ದು, ಅಡಕು, ಚರೆ, ಕೇಪು ಎಲ್ಲವನ್ನೂ ಒಂದೇ ಕರಂಡಕದಲ್ಲಿ ಕೂಡಿಸಿಟ್ಟದ್ದೇ ತೋಟಾ. ಕೋವಿಯನ್ನು ನಡುವೆ ಮಡಿಚಿ ನಳಿಗೆಯ ಹಿಂಬದಿಯಿಂದ ಅದನ್ನು ಇಟ್ಟರೆ ಆಯಿತು.

ಹನ್ನೆರಡು ಬೋರ್ ಎಂಬ ಮಾತನ್ನು ಎಲ್ಲರೂ ಆಡುತ್ತೇವೆ. ಅದರ ಅರ್ಥ ಹೀಗೆ: ನಳಿಗೆಯ ಒಳಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು, ಎಂದರೆ ಸುಮಾರು 453 ಗ್ರಾಂ ತೂಗಬೇಕು. ಆ ಬಾಯಿಯ ಅಗಲ ಸುಮಾರು 18.5 ಮಿಲಿಮೀಟರು. ಹದಿನಾರು ಗುಂಡಿಗೆ ಒಂದು ಪೌಂಡು ಆಗುವುದು ಹದಿನಾರು ಬೋರ್. ಆದ್ದರಿಂದ ಅಂಕಿ ದೊಡ್ಡದಾದಂತೆ ಬಾಯಿ ಕಿರಿದಾಗುತ್ತದೆ.

ಜೋಡುನಳಿಗೆಯ ಕೋವಿಯಲ್ಲಿ ಎರಡು ಈಡು ಮುಗಿದರೆ ಮತ್ತೆ ಮಡಿಚಿ ತುಂಬಬೇಕು. ಇದನ್ನು ಮೀರಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಎರಡು ದಾರಿ ಹಿಡಿದರು. ನಳಿಗೆಯ ಕೆಳಗೆ ಒಂದು ಕೊಳವೆ ಇಟ್ಟು ಅದರಲ್ಲಿ ತೋಟಾಗಳನ್ನು ಸಾಲಾಗಿ ತುಂಬುವುದು, ಪ್ರತಿ ಈಡಿನ ನಂತರ ಒಂದು ಸನ್ನೆಯನ್ನಾಗಲಿ ಮುಂಗೈ ಹಿಡಿಯನ್ನಾಗಲಿ ಎಳೆದು ತಳ್ಳಿ ಮುಂದಿನ ತೋಟಾವನ್ನು ನಳಿಗೆಗೆ ಏರಿಸುವುದು. ವಿಂಚೆಸ್ಟರ್ ಕಂಪನಿಯ 1887ರ ಸನ್ನೆ ಕೋವಿ, 1893 ಮತ್ತು 1897ರ ಎಳೆದು ತಳ್ಳುವ ಕೋವಿಗಳು ಹಾಗೆ ಬಂದವು. ಇವನ್ನು ರೂಪಿಸಿದವನು ಒಬ್ಬನೇ. ಅವನೇ ಜಾನ್ ಮೋಸೆಸ್ ಬ್ರೌನಿಂಗ್.

ಆಗ್ಡೆನ್ ಊರಿನ ಕೋವಿ ಕಸುಬಿನವನು

ಬ್ರೌನಿಂಗ್ ಹುಟ್ಟಿದ್ದು 1855ರಲ್ಲಿ, ಅಮೆರಿಕದ ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ. ತಂದೆ ಜೋನಾಥನ್ ಕೋವಿ ಮಾಡುವ ಕಸುಬಿನವರು. ಮಗ ಬೆಳೆದದ್ದು ತಂದೆಯ ಕುಲುಮೆಯ ಪಕ್ಕದಲ್ಲಿ. 1879ರಲ್ಲಿ ಅವನಿಗೆ ಮೊದಲ ಪೇಟೆಂಟು ದೊರೆಯಿತು. ಕೆಲವು ವರ್ಷಗಳಲ್ಲಿ ವಿಂಚೆಸ್ಟರ್ ಕಂಪನಿ ಅವನ ಮಾದರಿಯನ್ನು ಕೊಂಡಿತು. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ ಅವನು ಮಾಡಿದ್ದನ್ನು ಕಂಪನಿ ಒಂದೇ ಮೊತ್ತ ಕೊಟ್ಟು ಕೊಂಡುಕೊಳ್ಳುತ್ತಿತ್ತು. ಕೋವಿ ಎಷ್ಟೇ ಮಾರಾಟವಾಗಲಿ, ಮಾಡಿದವನಿಗೆ ಮತ್ತೆ ಕಾಸಿಲ್ಲ. ಮರದ ಮೇಲಿನ ಫಸಲನ್ನು ಚೇಣಿಗೆ ಕೊಟ್ಟ ನಮ್ಮ ಸಣ್ಣ ಬೆಳೆಗಾರನ ಸ್ಥಿತಿಯೂ ಇದೇ ತಾನೆ.

1898ರ ಹೊತ್ತಿಗೆ ಬ್ರೌನಿಂಗ್ ಹೊಸದೊಂದನ್ನು ರೂಪಿಸಿದ. ಒಂದು ಈಡಿನ ಬಲವನ್ನೇ ಹಿಡಿದು, ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ತಾನೇ ತುಂಬಿಕೊಳ್ಳುವ ಚರೆ ಕೋವಿ ಅದು. ಅದಕ್ಕೆ 1900ರ ಅಕ್ಟೋಬರಿನಲ್ಲಿ ಪೇಟೆಂಟು ಬಂತು. ಇಂಥ ಯಂತ್ರಕ್ಕೆ ಹಳೆಯ ಕರಿಮದ್ದು ಒಗ್ಗುವಂತಿರಲಿಲ್ಲ. ಅದರ ಮಸಿ ಒಳಗೆಲ್ಲ ಕಟ್ಟಿಕೊಳ್ಳುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆ ಕಡಮೆಯ ಮದ್ದನ್ನು ಕಂಡುಹಿಡಿದ ಮೇಲೆಯೇ ಇದು ಸಾಧ್ಯವಾಯಿತು.

ಈ ಬಾರಿ ಬ್ರೌನಿಂಗ್ ಚೇಣಿ ಲೆಕ್ಕಕ್ಕೆ ಒಪ್ಪಲಿಲ್ಲ. ಮಾರಾಟವಾದ ಪ್ರತಿ ಕೋವಿಗೂ ಇಷ್ಟೆಂದು ತನಗೆ ಪಾಲು ಬೇಕೆಂದ. ವಿಂಚೆಸ್ಟರಿನ ಮುಖ್ಯಸ್ಥ ಬೆನೆಟ್ ಒಲ್ಲೆನೆಂದರು. ಅಲ್ಲಿಗೆ ಹಳೆಯ ನಂಟು ಮುರಿಯಿತು. ಬ್ರೌನಿಂಗ್ ರೆಮಿಂಗ್ಟನ್ ಕಂಪನಿಯ ಬಾಗಿಲಿಗೆ ಹೋದ. 1902ರ ಜನವರಿ 8ರಂದು ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯವರ ಭೇಟಿಗಾಗಿ ಕಾಯುತ್ತಿದ್ದಾಗಲೇ ಅವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಕೋವಿಯನ್ನು ಕಟ್ಟಿಕೊಂಡು ಹಡಗು ಹತ್ತಿ ಬೆಲ್ಜಿಯಂ ದೇಶದ ಲೀಜ್ ನಗರದ ಪಕ್ಕದ ಹೆರ್ಸ್ಟಾಲಿಗೆ ನಡೆದ. ಅಲ್ಲಿ 1889ರಲ್ಲಿ ಸ್ಥಾಪನೆಯಾದ ಎಫ್.ಎನ್. ಕಾರ್ಖಾನೆ ಅವನ ಪಿಸ್ತೂಲನ್ನು ಆಗಲೇ ತಯಾರಿಸುತ್ತಿತ್ತು. ಅವರು ಷರತ್ತಿಗೆ ಒಪ್ಪಿದರು. ಬ್ರೌನಿಂಗ್ ತಾನೇ 10,000 ಕೋವಿಗಳಿಗೆ ಬೇಡಿಕೆ ಕೊಟ್ಟ. 1903ರಿಂದ ಅವು ಮಾರುಕಟ್ಟೆಗೆ ಬಂದವು.

ಆಮದು ಸುಂಕದ ತೊಡಕಿನಿಂದ ಅಮೆರಿಕದಲ್ಲೇ ತಯಾರಿಸುವ ಹಕ್ಕನ್ನು ರೆಮಿಂಗ್ಟನ್ ಪಡೆಯಿತು. 1905ರಿಂದ ಅದು ಮಾಡಿದ ಕೋವಿಗೆ ಮುಂದೆ "ಮಾಡೆಲ್ 11" ಎಂದು ಹೆಸರಾಯಿತು. 1940ರಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂ ದೇಶವನ್ನು ಆಕ್ರಮಿಸಿಕೊಂಡಾಗ ಬ್ರೌನಿಂಗ್ ಹೆಸರಿನ ಕೋವಿಗಳನ್ನೂ ರೆಮಿಂಗ್ಟನ್ನೇ ಮಾಡಿಕೊಟ್ಟಿತು. 1970ರ ದಶಕದಲ್ಲಿ ತಯಾರಿಕೆ ಜಪಾನಿನ ಮಿರೋಕು ಕಾರ್ಖಾನೆಗೆ ಹೋಯಿತು. 1998ರಲ್ಲಿ ಹಳೆಯ ಮಾದರಿ ನಿಂತಿತು. ಸುಮಾರು 95 ವರ್ಷಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಕೋವಿಗಳು ಹೊರಬಂದವು. ಬ್ರೌನಿಂಗ್ ಮಾತ್ರ 1926ರ ನವೆಂಬರಿನಲ್ಲಿ ಅದೇ ಲೀಜ್ ಕಾರ್ಖಾನೆಯಲ್ಲಿ, ಕೆಲಸದಲ್ಲಿದ್ದಾಗಲೇ ತೀರಿಕೊಂಡ.

ಒಳಗೆ ನಡೆಯುವುದೇನು?

ಕೋವಿ ಹಾರಿಸಿದವರಿಗೆಲ್ಲ ಗೊತ್ತು, ಅದು ಭುಜಕ್ಕೆ ಒದೆಯುತ್ತದೆ. ಚರೆ ಮುಂದೆ ಹೋದಷ್ಟೇ ಬಲದಲ್ಲಿ ಕೋವಿ ಹಿಂದೆ ಬರಬೇಕು. ಇದು ನ್ಯೂಟನ್ನನ ಮೂರನೆಯ ನಿಯಮ. ಜೋಡುನಳಿಗೆಯಲ್ಲಿ ಈ ಒದೆತ ಭುಜದಲ್ಲೇ ಮುಗಿದು ವ್ಯರ್ಥವಾಗುತ್ತದೆ. ಬ್ರೌನಿಂಗ್ ಆ ವ್ಯರ್ಥ ಬಲಕ್ಕೆ ಕೆಲಸ ಕೊಟ್ಟ.

ಈ ಕೋವಿಯಲ್ಲಿ ನಳಿಗೆ ಮರಕ್ಕೆ ಬಿಗಿದದ್ದಲ್ಲ, ಹಿಂದೆ ಮುಂದೆ ಜಾರುವಂಥದು. ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಉಕ್ಕಿನ ಅಗುಳಿ ಅದಕ್ಕೆ ಕೊಂಡಿ ಹಾಕಿಕೊಂಡಿರುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ನಾಲ್ಕು ತೋಟಾ, ನಳಿಗೆಯೊಳಗೆ ಒಂದು, ಒಟ್ಟು ಐದು. "ಆಟೋ-5" ಎಂಬ ಹೆಸರು ಬಂದದ್ದು ಇದರಿಂದಲೇ. ಕೊಳವೆಯ ಹೊರಗೆ ನಳಿಗೆಯನ್ನು ಮುಂದಕ್ಕೆ ತಳ್ಳುವ ದಪ್ಪ ಸ್ಪ್ರಿಂಗು, ಹಿಡಿಯ ಮರದೊಳಗೆ ಅಗುಳಿಯನ್ನು ಮುಂದಕ್ಕೆ ತಳ್ಳುವ ಇನ್ನೊಂದು ಸ್ಪ್ರಿಂಗು.

ಈಡು ಹಾರಿದಾಗ ನಡೆಯುವುದು ಹೀಗೆ. ಮೊದಲು ನಳಿಗೆಯೂ ಅಗುಳಿಯೂ ಕೊಂಡಿ ಬಿಡದೆ ಒಟ್ಟಿಗೆ ಹಿಂದಕ್ಕೆ ಜಾರುತ್ತವೆ. ಒಂದು ತೋಟಾದ ಉದ್ದಕ್ಕಿಂತಲೂ ಹೆಚ್ಚು ದೂರ ಜಾರುತ್ತವೆ. ಅಷ್ಟು ಹೊತ್ತಿಗೆ ಚರೆ ನಳಿಗೆ ದಾಟಿ ಹೋಗಿರುತ್ತದೆ. ಒಳಗಿನ ಒತ್ತಡ ಇಳಿದಿರುತ್ತದೆ. ಎರಡನೆಯದಾಗಿ ಕೊಂಡಿ ಬಿಟ್ಟು ಅಗುಳಿ ಹಿಂದೆಯೇ ನಿಲ್ಲುತ್ತದೆ, ನಳಿಗೆ ಮಾತ್ರ ತನ್ನ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಓಡುತ್ತದೆ. ಅಗುಳಿಯ ಉಗುರು ಖಾಲಿ ತೋಟಾದ ಅಂಚನ್ನು ಹಿಡಿದಿರುವುದರಿಂದ ನಳಿಗೆ ತೋಟಾವನ್ನು ಬಿಟ್ಟು ಮುಂದೆ ಹೋಗುತ್ತದೆ. ಖಾಲಿ ತೋಟಾ ಬಲಬದಿಯ ಕಿಂಡಿಯಿಂದ ಹೊರಗೆ ಹಾರುತ್ತದೆ. ಮೂರನೆಯದಾಗಿ ಕೊಳವೆಯಿಂದ ಹೊಸ ತೋಟಾ ಹಿಂದಕ್ಕೆ ಬಂದು ಒಂದು ಪುಟ್ಟ ತೊಟ್ಟಿಲ ಮೇಲೆ ಕೂರುತ್ತದೆ. ತೊಟ್ಟಿಲು ಮೇಲೇಳುತ್ತದೆ, ಅಗುಳಿ ಮುಂದೆ ಬಂದು ತೋಟಾವನ್ನು ನಳಿಗೆಗೆ ನೂಕಿ ಕೊಂಡಿ ಹಾಕಿಕೊಳ್ಳುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಗುಳಿ ಹಿಂದಕ್ಕೆ ಬರಲು ಜಾಗ ಬೇಕಾದ್ದರಿಂದಲೇ ಈ ಕೋವಿಯ ಬೆನ್ನು ಚೌಕ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. "ಆಟೋ" ಎಂದಿದ್ದರೂ ಇದು ಪೂರಾ ಸ್ವಯಂಚಾಲಿತವಲ್ಲ. ಒಂದು ಸಲ ಕುದುರೆ ಎಳೆದರೆ ಒಂದೇ ಈಡು, ಇನ್ನೊಂದಕ್ಕೆ ಬೆರಳು ಸಡಿಲಿಸಿ ಮತ್ತೆ ಎಳೆಯಬೇಕು. ತುಂಬಿಕೊಳ್ಳುವುದು ಮಾತ್ರ ತಾನಾಗಿ. ಅದಕ್ಕೇ ಅರೆಸ್ವಯಂಚಾಲಿತ ಎನ್ನುವುದು.

ಉಂಗುರಗಳ ವಿಚಾರ

ಹಗುರ ತೋಟಾದ ಒದೆತ ಕಡಮೆ, ಭಾರದ್ದು ಹೆಚ್ಚು. ಒಂದೇ ಸ್ಪ್ರಿಂಗು ಎರಡಕ್ಕೂ ಹೊಂದುವುದು ಹೇಗೆ? ಬ್ರೌನಿಂಗ್ ಇದಕ್ಕೆ ಬಂಡಿಯ ಬಿರಿಯಂಥ ಉಪಾಯ ಮಾಡಿದ. ಮುಂಗೈ ಮರವನ್ನು ಬಿಚ್ಚಿದರೆ ಕೊಳವೆಯ ಮೇಲೆ ಕಂಚಿನ ಸೀಳು ಬಳೆಯೊಂದು, ಅಂಚು ಓರೆ ಮಾಡಿದ ಉಕ್ಕಿನ ಉಂಗುರವೊಂದು ಕಾಣುತ್ತವೆ. ಭಾರದ ತೋಟಾ ಹಾಕುವಾಗ ಉಂಗುರವನ್ನು ಸ್ಪ್ರಿಂಗಿಗೂ ಕಂಚಿನ ಬಳೆಗೂ ನಡುವೆ, ಓರೆ ಅಂಚು ಬಳೆಯ ಕಡೆಗೆ ಬರುವಂತೆ ಇಡಬೇಕು. ನಳಿಗೆ ಹಿಂದೆ ಬಂದಾಗ ಬಳೆ ಕೊಳವೆಯನ್ನು ಬಿಗಿಯಾಗಿ ಅಪ್ಪಿ ವೇಗ ತಗ್ಗಿಸುತ್ತದೆ. ಹಗುರ ತೋಟಾಕ್ಕೆ ಉಂಗುರವನ್ನು ತೆಗೆದು ಸ್ಪ್ರಿಂಗಿನ ಹಿಂಬದಿಗೆ ಸೇರಿಸಬೇಕು. ಆಗ ಬಿರಿ ಸಡಿಲ.

ಅಟ್ಟದಲ್ಲಿ ಸಿಕ್ಕುವ ಹಳೆಯ ಕೋವಿಗಳಲ್ಲಿ ಕೆಡುಕು ಹೆಚ್ಚಾಗಿ ಇಲ್ಲಿಯೇ. ಯಾರೋ ಬಿಚ್ಚಿ ಉಂಗುರವನ್ನು ಎಲ್ಲೆಲ್ಲೋ ಸೇರಿಸಿರುತ್ತಾರೆ. ಇಲ್ಲವೆ ತುಕ್ಕು ಹಿಡಿಯದಿರಲೆಂದು ಕೊಳವೆಗೆ ಧಾರಾಳವಾಗಿ ಎಣ್ಣೆ ಬಳಿದಿರುತ್ತಾರೆ. ಎಣ್ಣೆ ಹೆಚ್ಚಾದರೆ ಬಿರಿ ಹಿಡಿಯುವುದಿಲ್ಲ. ನಳಿಗೆ ಬಡಿದ ಪೆಟ್ಟಿಗೆ ಮುಂಗೈ ಮರ ಸೀಳುತ್ತದೆ. ತೋಟಾದ ಉದ್ದವನ್ನೂ ಗಮನಿಸಬೇಕು. ಹಳೆಯ ಹದಿನಾರು ಬೋರಿನ ಆಟೋ-5 ಕೋವಿಗಳ ಕೋಣೆ 65 ಮಿಲಿಮೀಟರಿನ ತೋಟಾಕ್ಕೆ ಮಾಡಿದ್ದು. ಇಂದು ದೊರೆಯುವ 70 ಮಿಲಿಮೀಟರಿನ ತೋಟಾ ಅದರೊಳಗೆ ಹೋದಂತೆ ಕಂಡರೂ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಪರವಾನಗಿ ಪಡೆದ ಕೋವಿ ರಿಪೇರಿಯವರಿಗೆ ತೋರಿಸದೆ ಹಳೆಯ ಕೋವಿಗೆ ಹೊಸ ತೋಟಾ ಹಾಕಬಾರದು.

ಇನ್ನೊಂದು ಪಾಠ ವಿಂಚೆಸ್ಟರಿನದು. ಬ್ರೌನಿಂಗನನ್ನು ಕಳುಹಿಸಿದ ಮೇಲೆ ಅವರೂ ಇಂಥದೇ ಕೋವಿ ಮಾಡಹೊರಟರು. ಆದರೆ ಅಗುಳಿಗೆ ಎಳೆಯುವ ಹಿಡಿಕೆ ಇಡಲು ಬ್ರೌನಿಂಗನ ಪೇಟೆಂಟು ಅಡ್ಡ ಬಂತು. ಹಾಗಾಗಿ ಅವರ 1911ರ ಮಾದರಿಯಲ್ಲಿ ನಳಿಗೆಯನ್ನೇ ಕೈಯಿಂದ ಹಿಂದಕ್ಕೆ ತಳ್ಳಿ ತೋಟಾ ಏರಿಸಬೇಕಿತ್ತು. ಆಗಿನ ತೋಟಾಗಳ ಮೈ ಕಾಗದದ್ದು, ತೇವಕ್ಕೆ ಉಬ್ಬಿ ಸಿಕ್ಕಿಕೊಳ್ಳುತ್ತಿತ್ತು. ಜನ ಹಿಡಿಯನ್ನು ನೆಲಕ್ಕೂರಿ, ನಳಿಗೆಯ ಬಾಯಿ ಮುಖದ ಕಡೆ ಇರುವಂತೆ ಬಗ್ಗಿ ಒತ್ತುತ್ತಿದ್ದರು. ಕೆಲವರು ಹಾಗೆ ಪ್ರಾಣ ಕಳೆದುಕೊಂಡರು. ಆ ಕೋವಿಗೆ ಹೆಂಡಿರನ್ನು ವಿಧವೆ ಮಾಡುವ ಕೋವಿಯೆಂಬ ಅಡ್ಡಹೆಸರೇ ಬಿತ್ತು. 1925ಕ್ಕೆ ತಯಾರಿಕೆ ನಿಂತಿತು.

ನಮ್ಮ ನಾಡಿನ ನಂಟು

ಇದೆಲ್ಲ ದೂರದ ಮಾತೆಂದು ತಿಳಿಯಬೇಕಿಲ್ಲ. ಬೆಂಗಳೂರಿನ ಬೇಟೆಗಾರ ಹಾಗೂ ಲೇಖಕ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೊತ್ತು ತಿರುಗಿದ .405 ವಿಂಚೆಸ್ಟರ್ ರೈಫಲು ಬ್ರೌನಿಂಗನದೇ 1895ರ ಮಾದರಿ. ನಮ್ಮ ಸೈನ್ಯದ 9 ಮಿಲಿಮೀಟರು ಪಿಸ್ತೂಲು ಅವನು ಆರಂಭಿಸಿ, ಅವನ ನಂತರ ಎಫ್.ಎನ್. ಕಾರ್ಖಾನೆಯ ಸೈವ್ ಎಂಬಾತ 1935ರಲ್ಲಿ ಮುಗಿಸಿದ ಮಾದರಿಯದು. ಇಲ್ಲಿ ಇಚ್ಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಯಿತು. ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ಕಂಡ ಎಸ್.ಎಲ್.ಆರ್. ರೈಫಲಿನ ಮೂಲವೂ ಅದೇ ಹೆರ್ಸ್ಟಾಲು. ತನ್ನಷ್ಟಕ್ಕೆ ತುಂಬಿಕೊಳ್ಳುವ ರೈಫಲು ಎಂಬುದೇ ಆ ಮೂರಕ್ಷರದ ಅರ್ಥ.

ಕೊಡಗಿನ ವಿಷಯ ಸದಸ್ಯರು ಆಗಾಗ ಕೇಳುತ್ತಾರೆ. ಅಲ್ಲಿ ಕೋವಿ ಮನೆಯ ದೇವರ ಸಾಲಿನದು, ಕೈಲ್‌ಪೊಳ್ದಿನಲ್ಲಿ ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ. 1861ರಿಂದ ಬಂದ ರಿಯಾಯಿತಿಯಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರಿನವರೆಗೆ ಮುಂದುವರಿಸಿತು, 2021ರಲ್ಲಿ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ನಮ್ಮ ನಾಲ್ಕು ತಾಲ್ಲೂಕಿನ ರೈತರಿಗೆ ಅನ್ವಯಿಸುವುದಿಲ್ಲ.

ನಾಲ್ಕಲ್ಲ, ಐದು

ಚೌಕ ಬೆನ್ನಿನ ಕೋವಿ ನಮಗೆ ಗುರುತು ಹತ್ತಿದ್ದು ಹೇಗೆಂದು ಈಗ ಹೇಳಬೇಕು. 1984ರಲ್ಲಿ ನಾವು ಹೈಸ್ಕೂಲಿನಲ್ಲಿದ್ದಾಗ ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟವಿದ್ದ ಸೋದರಮಾವನ ಮನೆಗೆ ಹೋಗಿದ್ದೆವು. ಅವರಲ್ಲಿ ಇಂಥ ಕೋವಿಯಿತ್ತು. ಲೈಸೆನ್ಸು ಸರಿಯಾಗಿತ್ತು. ಮಾವ ಬಹಳ ಎಚ್ಚರದ ಮನುಷ್ಯ. ಒಂದು ರಾತ್ರಿ ಹಂದಿ ಕಾದು ಈಡು ಹಾರಿಸದೆಯೇ ಬೆಳಗ್ಗೆ ಬಂದರು. ಜಗಲಿಯಲ್ಲಿ ಕೂತು ಅಗುಳಿಯ ಹಿಡಿಕೆಯನ್ನು ನಾಲ್ಕು ಸಲ ಎಳೆದರು. ನಾಲ್ಕು ತೋಟಾ ಚಾಪೆಯ ಮೇಲೆ ಬಿದ್ದವು. ಕೊಳವೆಯಲ್ಲಿ ನಾಲ್ಕು ಎಂಬುದು ಅವರ ಮನಸ್ಸಿನಲ್ಲಿದ್ದ ಲೆಕ್ಕ. ಎಣಿಸಿ ಪಟ್ಟಿಗೆ ಸಿಕ್ಕಿಸಿ, ಕೋವಿಯನ್ನು ಗೋಡೆಗೆ ಒರಗಿಸಿ ಸ್ನಾನಕ್ಕೆ ಹೋದರು.

ಮೇಲೆ ಹೇಳಿದ್ದನ್ನು ಸದಸ್ಯರು ನೆನೆಯಬೇಕು. ಹಿಡಿಕೆ ಎಳೆದಾಗ ನಳಿಗೆಯಲ್ಲಿದ್ದದ್ದು ಹೊರಗೆ ಬೀಳುತ್ತದೆ, ಬಿಟ್ಟಾಗ ಕೊಳವೆಯದು ನಳಿಗೆಗೆ ಏರುತ್ತದೆ. ನಾಲ್ಕನೆಯದು ಹೊರಗೆ ಬಿದ್ದಾಗಲೇ ಐದನೆಯದು ಒಳಗೆ ಕೂತಿತ್ತು. ಕೋವಿ ಒರೆಸಲೆಂದು ಆಳು ಎತ್ತಿಕೊಂಡ. ಬೆರಳು ಎಲ್ಲಿ ತಾಗಿತೋ, ಈಡು ಹಾರಿತು. ಒಳಕೋಣೆಯಲ್ಲಿ ಅತ್ತೆಯೂ ತಿಂಗಳ ಕೂಸೂ ಮಲಗಿದ್ದರು. ನಳಿಗೆ ಒಂದು ಮೊಳ ಮೇಲಿತ್ತು, ಚರೆ ಸೂರಿನ ಹಂಚನ್ನು ಒಡೆದು ಹೋಯಿತು. ಹಂಚಿನ ಚೂರು ತೊಟ್ಟಿಲ ಪಕ್ಕದಲ್ಲಿ ಬಿದ್ದಿತ್ತು. ಆಳಿನ ಎಡಗಿವಿ ಅಂದಿನಿಂದ ಮಂದವಾಯಿತು. ಅವನನ್ನು ಯಾರೂ ಬೈಯಲಿಲ್ಲ. ತಪ್ಪು ಲೆಕ್ಕದ್ದೆಂದು ಮಾವನೇ ಹೇಳಿದರು. ಒಡೆದ ಜಾಗಕ್ಕೆ ಅವರು ಗಾಜಿನ ಹಂಚು ಹಾಕಿಸಿದರು. ಆ ಕೋವಿಯನ್ನು ಅವರು ಮತ್ತೆ ಕೈಯಲ್ಲಿ ಹಿಡಿದದ್ದನ್ನು ನಾವು ನೋಡಲಿಲ್ಲ.

ಮಡಿಚುವ ಕೋವಿಯಲ್ಲಿ ತೋಟಾ ಇದೆಯೋ ಇಲ್ಲವೋ ಮಡಿಚಿದೊಡನೆ ಕಾಣುತ್ತದೆ. ಇದರಲ್ಲಿ ಕಾಣುವುದಿಲ್ಲ. ಆದ್ದರಿಂದ ಎಣಿಸಬೇಡಿ, ನೋಡಿ. ನಳಿಗೆಯ ಬಾಯಿಯನ್ನು ಜನರಿಲ್ಲದ ಕಡೆಗೆ, ನೆಲಕ್ಕೆ ತಿರುಗಿಸಿ, ಬೆರಳು ಕುದುರೆಯ ಬಳೆಯ ಹೊರಗಿರಲಿ. ಏನೂ ಬೀಳದ ತನಕ ಹಿಡಿಕೆ ಎಳೆಯಿರಿ. ಎಲ್ಲ ಖಾಲಿಯಾದಾಗ ಅಗುಳಿ ಹಿಂದೆಯೇ ನಿಲ್ಲುತ್ತದೆ. ಆದರೆ ಎಡಬದಿಯಲ್ಲಿ ಕೊಳವೆಯ ತೋಟಾ ತಡೆಯುವ ಸಣ್ಣ ಸನ್ನೆಯೊಂದು ಹಲವು ಕೋವಿಗಳಲ್ಲಿ ಉಂಟು. ಅದು ತಡೆಯಲ್ಲಿದ್ದರೆ ಕೊಳವೆ ತುಂಬಿದ್ದರೂ ಅಗುಳಿ ಹಿಂದೆ ನಿಲ್ಲಬಹುದು. ಹಾಗಾಗಿ ಕಿಂಡಿಯಿಂದ ನಳಿಗೆಯನ್ನೂ ಕೆಳಗಿನಿಂದ ಕೊಳವೆಯ ಬಾಯಿಯನ್ನೂ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಕುದುರೆ ತಡೆಯುವ ಗುಂಡಿಯನ್ನು ನಂಬಿ ಕೂರಬೇಡಿ. ಹಳೆಯ ಮಾದರಿಗಳಲ್ಲಿ ಅದು ಕುದುರೆಯ ಮುಂದೆ ಬಳೆಯೊಳಗೇ ಇದೆ, ಅದನ್ನು ಸರಿಸಲು ಹೋದ ಬೆರಳೇ ಕುದುರೆಗೆ ತಾಗಬಹುದು.

ಕಾಗದಪತ್ರದ ವಿಚಾರ

ಅಟ್ಟದಲ್ಲಿ ಕೋವಿ ಸಿಕ್ಕವರು ಮಾಡಬೇಕಾದ್ದನ್ನು ಚಿಕ್ಕದಾಗಿ ಹೇಳುತ್ತೇವೆ. ಲೈಸೆನ್ಸು ಮನುಷ್ಯನದು, ಮನೆಯದಲ್ಲ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. 2016ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೆ ಕೋವಿ 25 ವರ್ಷ ಅವರಲ್ಲಿದ್ದರೆ, ಬದುಕಿರುವಾಗಲೇ ವಾರಸುದಾರರನ್ನು ಸೂಚಿಸಲೂ ಅವಕಾಶವಿದೆ. ವಯಸ್ಸಾದ ಸದಸ್ಯರು ಇದನ್ನು ಬಳಸಿಕೊಂಡರೆ ಮಕ್ಕಳಿಗೆ ತೊಂದರೆ ತಪ್ಪುತ್ತದೆ. 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸಿನ ಅವಧಿ ಐದು ವರ್ಷ.

ಬೆಳೆ ರಕ್ಷಣೆಗೆಂದು 1959ರ ಆಯುಧ ಕಾಯಿದೆ ಮುಖ್ಯವಾಗಿ ಒಪ್ಪುವುದು ಬಾಯಿಂದ ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯ ಬೇರೆ ಚರೆ ಕೋವಿಗೂ ಅನುಮತಿ ಕೊಡಬಹುದು. ಅರೆಸ್ವಯಂಚಾಲಿತ ಕೋವಿಯನ್ನು ನಿಯಮಗಳು ಸಾಮಾನ್ಯ ತೋಟಾ ಕೋವಿಯ ಸಾಲಿನಲ್ಲಿಟ್ಟಿಲ್ಲ, ಹೆಚ್ಚು ಕಟ್ಟುನಿಟ್ಟಿನ ಬೇರೆ ವರ್ಗದಲ್ಲಿಟ್ಟಿವೆ. ಆದ್ದರಿಂದ ಹಳೆಯ ಲೈಸೆನ್ಸಿನಲ್ಲಿ ಏನು ಬರೆದಿದೆಯೆಂದು ನೋಡದೆ ಕೊಳ್ಳುವ, ಮಾರುವ, ವರ್ಗಾಯಿಸುವ ಮಾತು ಆಡಬಾರದು. ಚುನಾವಣೆ ಕಾಲದಲ್ಲಿ ಠಾಣೆಯಲ್ಲಿ ಇಡಲು ಹೇಳಿದರೆ ಇಟ್ಟು ರಸೀದಿ ಜೋಪಾನ ಮಾಡಿ.

ಲೈಸೆನ್ಸು ಇದ್ದಮಾತ್ರಕ್ಕೆ ಪ್ರಾಣಿ ಕೊಲ್ಲಲು ಅಪ್ಪಣೆಯಾಗುವುದಿಲ್ಲ. 2023ರ ಏಪ್ರಿಲಿನಿಂದ ಕಾಡುಹಂದಿ ವನ್ಯಜೀವಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಹೊಡೆದರೆ ಅಪರಾಧ. ಕರಡಿ, ಚಿರತೆ, ನವಿಲು ಒಂದನೆಯ ಅನುಸೂಚಿಯವು, ಅವುಗಳ ಮಾತೇ ಬೇಡ. ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಮೀಸಲು ಪ್ರದೇಶವಿದೆ, ಶಿರಾದ ಬುಕ್ಕಾಪಟ್ಟಣದಲ್ಲಿ ಚಿಂಕಾರ ಧಾಮವಿದೆ. ಅವುಗಳ ಅಂಚಿನ ಸದಸ್ಯರು ಇನ್ನೂ ಜಾಗರೂಕರಾಗಿರಬೇಕು. ಬೆಳೆ ಹಾನಿಯಾದರೆ ಪರಿಹಾರಕ್ಕೆ ಅರ್ಜಿ ಹಾಕಿ. ಅರ್ಜಿ ಬರೆಯಲು ಸಂಘದ ಕಚೇರಿಯಲ್ಲಿ ನೆರವು ದೊರೆಯುತ್ತದೆ.

ಭಾವಚಿತ್ರ ತಂದಿದ್ದ ಸದಸ್ಯರಿಗೆ ನಾವು ಮೊದಲು ಕೇಳಿದ್ದು ಒಂದೇ ಮಾತು: "ಒಳಗೆ ತೋಟಾ ಇಲ್ಲವೆಂದು ಯಾರಾದರೂ ನೋಡಿದ್ದೀರಾ?" ಯಾರೂ ನೋಡಿರಲಿಲ್ಲ. ಅದೇ ದಿನ ಮಕ್ಕಳನ್ನು ಆ ಕೋಣೆಯಿಂದ ದೂರವಿರಿಸಿ, ಕೋವಿಯನ್ನು ಮುಟ್ಟದೆ ಠಾಣೆಗೆ ತಿಳಿಸಿದರು. ತಿಳಿದವರೊಬ್ಬರು ಬಂದು ಅಗುಳಿ ಎಳೆದಾಗ ಹಸಿರುಗಟ್ಟಿದ ಹಿತ್ತಾಳೆ ತಳದ ಹಳೆಯ ಕಾಗದದ ತೋಟಾ ಒಂದು ಹೊರಗೆ ಬಿತ್ತು. ಎಷ್ಟು ವರ್ಷದಿಂದ ಅಲ್ಲಿತ್ತೋ ದೇವರೇ ಬಲ್ಲ. ನಿಮ್ಮ ಮನೆಯ ಅಟ್ಟದಲ್ಲೂ ಅಂಥದೊಂದು ಇದ್ದರೆ ಈ ಸಂಚಿಕೆ ಓದಿ ಮುಗಿಸಿದ ಕೂಡಲೇ ಠಾಣೆಗೆ ತಿಳಿಸಬೇಕೆಂದು ವಿನಂತಿ.